ನಿಂಬೆಹಣ್ಣು ತೂರದ ಕಾರು

ರೇಷ್ಮೆ ಪಂಚೆ ಉಟ್ಟುಕೊಂಡು ನಾನು ಫ್ರೀಮಾಂಟಿನ ಒಂದು ಮನೆಯ ಮುಂದೆ ಸಿಮೆಂಟಿನ ಮೇಲೆ ಬೋರಲು ಮಲಗಿದ್ದೆ. ಬಲಗೈಯಲ್ಲಿ ಒಂದು ನಿಂಬೆಹಣ್ಣು. ಕಣ್ಣೆದುರಿಗೆ ನೇರಳೆ ಬಣ್ಣದ ಕಾರೊಂದರ ಅಂಚು, ನೆಲದಿಂದ ಎರಡು ಬೆರಳಿನಷ್ಟು ಮೇಲೆ. ಆ ಸಂದಿಯಲ್ಲಿ ನಿಂಬೆಹಣ್ಣನ್ನು ತೂರಿಸಿ ಚಕ್ರದ ಮುಂದೆ ಇಡುವುದು ನನ್ನ ಜವಾಬ್ದಾರಿ. ಐವತ್ತಕ್ಕೆ ಎರಡೇ ವರ್ಷ ಬಾಕಿಯಿರುವ, ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ನಾಲ್ಕು ಜನರ ಮೇಲೆ ಅಧಿಕಾರ ನಡೆಸುವ ನಾನು ಈ ಭಂಗಿಗೆ ಬಂದದ್ದು ಹೇಗೆಂದು ಹೇಳಬೇಕಾದರೆ ತಿರುಮಲೇಶನ ವಿಷಯ ಹೇಳಬೇಕು. ಹೇಳಿದ ಮೇಲೂ ನಿಮಗೆ ಪೂರ್ತಿ ಅರ್ಥವಾಗದಿದ್ದರೆ ಅದು ನಿಮ್ಮ ತಪ್ಪಲ್ಲ. ನನಗೂ ಆಗಿಲ್ಲ.

ತಿರುಮಲೇಶ ಹಾಸನದವನು. ಫ್ರೀಮಾಂಟಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲನ್ನು ಹಿಂದಕ್ಕೆ ಕಳಿಸುವ ಮನುಷ್ಯ. ಸ್ಟಾಪ್ ಎಂದು ಬರೆದ ಕಡೆ ಕಾರು ನಿಲ್ಲಿಸಿ, ಸುತ್ತ ಒಂದು ನಾಯಿಯೂ ಇಲ್ಲದಿದ್ದರೂ, ಒಂದು ಎರಡು ಮೂರು ಎಂದು ಬಾಯಿಬಿಟ್ಟು ಎಣಿಸಿಯೇ ಹೊರಡುತ್ತಿದ್ದ. ನಮ್ಮ ಕನ್ನಡದ ಮನೆಗಳಲ್ಲಿ ಗಂಡಸರಿಗೆ ಬುದ್ಧಿ ಹೇಳಬೇಕಾದಾಗ ಹೆಂಗಸರು ಬಳಸುತ್ತಿದ್ದದ್ದು ಇವನ ಹೆಸರನ್ನೇ. ನನ್ನ ಹೆಂಡತಿ ಊರ್ಮಿಳಾ ಆ ಹೆಸರನ್ನು ದಿನಕ್ಕೆ ಎರಡು ಸಲವಾದರೂ ಬಳಸುತ್ತಿದ್ದಳು.

ಎಂಬತ್ತೆರಡರ ಕೊನೆಯಲ್ಲಿ ಕಂಪನಿ ಅವನನ್ನು ಐದು ತಿಂಗಳ ತರಬೇತಿಗೆಂದು ಜಪಾನಿನ ನಗೋಯಾಕ್ಕೆ ಕಳಿಸಿತು. ಅಲ್ಲಿ ಹೊಸ ವರ್ಷದ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ರಸ್ತೆಯಲ್ಲಿ ನಲವತ್ತು ಕಾರು ಸಾಲಾಗಿ ಬಂದವಂತೆ. ಒಂದೊಂದೂ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು, ಹಿಂದಿನಿಂದ ಹೊಗೆಯ ಕೊಳವೆಗಳನ್ನು ಆಕಾಶಕ್ಕೆ ಎತ್ತಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಗರ್ಜಿಸಿಕೊಂಡು. ಒಳಗಿದ್ದವರು ಇಪ್ಪತ್ತು ದಾಟದ ಪುಂಡ ಹುಡುಗರು. ನಲವತ್ತನೆಯ ಕಾರು ಹೋಗುವವರೆಗೂ ತಿರುಮಲೇಶ ಕದಲಲಿಲ್ಲ. ಬಸ್ಸು ಬಂತು, ಹೋಯಿತು. ಹುಟ್ಟಿದ ಮೇಲೆ ತಾನು ಬಸ್ಸು ತಪ್ಪಿಸಿಕೊಂಡದ್ದು ಅದೊಂದೇ ಸಲ ಎಂದು ನನಗೆ ಹೇಳಿದಾಗ, ಕಳ್ಳತನ ಒಪ್ಪಿಕೊಂಡವನ ಹಾಗೆ ದನಿ ತಗ್ಗಿಸಿದ್ದ.

ವಾಪಸು ಬಂದವನು ಒಂದು ಹಳೆಯ ಜಪಾನಿ ಕಾರು ಕೊಂಡು ಗರಾಜಿಗೆ ಸೇರಿಸಿದ. ಒಂದೂವರೆ ವರ್ಷ ಶನಿವಾರ ಭಾನುವಾರ ಆ ಬಾಗಿಲು ತೆರೆಯಲಿಲ್ಲ. ತೆರೆದ ದಿನ ನಾವೆಲ್ಲ ನೋಡಲು ಹೋದೆವು. ನೋಡಿ, ಕಾಫಿ ಕುಡಿದು ಬಂದೆವು. ಕಾರಿನ ಮುಂದೆ ಮಣ್ಣು ದೂಡುವ ಯಂತ್ರಕ್ಕಿರುವಂಥ ಅಗಲವಾದ ಗದ್ದ. ಚಕ್ರಗಳ ಮೇಲೆ ಇಳಿಬಿದ್ದ ರೆಕ್ಕೆಗಳು. ಹಿಂದೆ ಎರಡು ಕೊಳವೆಗಳು ಹೊರಟು, ಮೊಣಕೈಯ ಹಾಗೆ ಬಾಗಿ, ಕಾರಿನ ಮಾಡನ್ನೂ ದಾಟಿ ಮೇಲಕ್ಕೆ ಹೋಗಿದ್ದವು. ಸೀಟುಗಳಿಗೆ ನೇರಳೆ ಮಖಮಲ್ಲು. ಪಕ್ಕದ ಸೀಟಿನ ಮೇಲೆ ಮಾತ್ರ ಅಂಗಡಿಯಿಂದ ತಂದಾಗಿನ ಪ್ಲಾಸ್ಟಿಕ್ ಕವರು ಹಾಗೇ ಇತ್ತು.

ನಾನು ಒಂದು ದಿನ ಧೈರ್ಯ ಮಾಡಿ ಕೇಳಿದೆ. "ತಿರುಮಲೇಶ್, ಆ ಕೊಳವೆ ಅಷ್ಟುದ್ದ ಯಾಕೆ? ಹೊಗೆ ಚೆನ್ನಾಗಿ ಹೋಗುತ್ತಾ?"

"ಇಲ್ಲ ರಾಯರೇ. ಗಿಡ್ಡ ಇದ್ರೇನೇ ಚೆನ್ನಾಗಿ ಹೋಗೋದು."

"ಸ್ಪೀಡು ಜಾಸ್ತಿ ಆಗುತ್ತಾ?"

"ಕಮ್ಮಿ ಆಗುತ್ತೆ."

"ಮತ್ತೆ ಏನು ಉಪಯೋಗ?"

"ರೇಸಿನ ಕಾರುಗಳಿಗೆ ಇಂಥದ್ದೆಲ್ಲ ಇರುತ್ತೆ, ಅಲ್ಲಿ ಅದು ಬೇಕು. ಆ ಹುಡುಗರ ಹತ್ರ ರೇಸಿಗೆ ಹೋಗೋಕೆ ಏನೂ ಇಲ್ಲ. ಅದಕ್ಕೇ ಅದನ್ನೇ ಹತ್ತು ಪಾಲು ದೊಡ್ಡದು ಮಾಡಿ ರಸ್ತೆಗೆ ತರ್ತಾರೆ. ಒಂಥರಾ ಅಣಕ." ಆಮೇಲೆ ಕೇಳಿದ, "ನಿಮ್ಮ ಮದುವೇಲಿ ಬಾಸಿಂಗ ಕಟ್ಟಿದ್ರಲ್ಲ, ಅದರಿಂದ ನಿಮಗೆ ಏನು ಉಪಯೋಗ ಆಯ್ತು?"

ನಾನು ಯೋಚಿಸಿದೆ. ಆ ಬಾಸಿಂಗದಿಂದ ನನಗೆ ಎದುರಿನ ಹುಡುಗಿ ಸರಿಯಾಗಿ ಕಾಣಲಿಲ್ಲ, ಅಷ್ಟೇ. ಅದನ್ನು ಮನೆಗೆ ಬಂದು ಊರ್ಮಿಳೆಗೆ ಹೇಳಿದೆ. "ಕಂಡಿದ್ರೆ ಓಡಿಹೋಗ್ತಿದ್ರೇನೋ? ಉಪಯೋಗ ಆಯ್ತಲ್ಲ ಬಿಡಿ," ಅಂದಳು.

ಕಾರು ಬಲ್ಲವರನ್ನು ಕೇಳಿದರೆ ತಿಳಿದೀತು ಅಂದುಕೊಂಡೆ. ಸ್ಯಾನ್ ಹೋಸೆಯಲ್ಲಿ ಕಾರನ್ನು ತಗ್ಗಿಸಿ ಮೆರವಣಿಗೆ ಹೋಗುವ ಮೆಕ್ಸಿಕನ್ ಹುಡುಗರಿದ್ದಾರೆ. ಅವರು ತಗ್ಗನ್ನು ಮೆಚ್ಚಿದರು, ಕೊಳವೆ ನೋಡಿ ನಕ್ಕರು. ರೇಸು ಬಲ್ಲ ನನ್ನ ಆಫೀಸಿನ ಒಬ್ಬ, ಒಳ್ಳೆಯ ಎಂಜಿನ್ನಿಗೆ ಮಾಡಿದ ಅವಮಾನ ಎಂದ. ಸನಿವೇಲಿನಿಂದ ಒಬ್ಬ ಜಪಾನಿ ತರುಣ ಇದನ್ನೇ ನೋಡಲು ಬಂದ. ಮೂರು ಸುತ್ತು ಹಾಕಿ, ಕೊಳವೆ ಇನ್ನೂ ಒಂದಡಿ ಉದ್ದ ಇರಬೇಕಿತ್ತು ಎಂದು ತಲೆಯಾಡಿಸಿ, ಕೊನೆಗೆ ಕಾರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಹೋದ. ತಿರುಮಲೇಶನ ಪಕ್ಕದ ಮನೆಯಲ್ಲಿದ್ದ ಮೊರಿಮೊಟೊ ಎಂಬ ಮುದುಕರು, ನಲವತ್ತು ವರ್ಷ ಊರವರ ತೋಟ ನೋಡಿಕೊಂಡು ನಿವೃತ್ತರಾದವರು, ಜಪಾನಿನಲ್ಲಿರುವ ತಮ್ಮ ತಂಗಿಯ ಊರಿನಲ್ಲಿ ಇಂಥ ಕಾರು ಬಂದರೆ ತಾಯಂದಿರು ಕಿಟಕಿ ಮುಚ್ಚಿಕೊಳ್ಳುತ್ತಾರೆ ಎಂದರು. ಆ ಕಾರಿನವರಿಗೆ ಜಪಾನಿ ಭಾಷೆಯಲ್ಲಿ ಬೋಸೊಝೊಕು ಅನ್ನುತ್ತಾರಂತೆ. ಹುಚ್ಚು ಹಿಡಿದು ಓಡುವ ಗುಂಪು. ಅಂದರೆ ಕೆಟ್ಟದ್ದೋ? ಕೆಟ್ಟದ್ದೇ. ಮತ್ತೆ ಆ ತರುಣ ಸೊಂಟ ಬಗ್ಗಿಸಿದ್ದು? ಮೊರಿಮೊಟೊ ತಮ್ಮ ಗಿಡಕ್ಕೆ ನೀರು ಬಿಡಲು ಹೋದರು.

ಇಂಥ ಪುಂಡರ ಕಾರನ್ನು ತಿರುಮಲೇಶ ಹೇಗೆ ಓಡಿಸುತ್ತಿದ್ದ ಗೊತ್ತೆ? ಫ್ರೀವೇಯಲ್ಲಿ ಐವತ್ತೈದು ಮೈಲಿ. ಐವತ್ತಾರಲ್ಲ. ಸ್ಟಾಪ್ ಎಂದು ಬರೆದ ಕಡೆ ಒಂದು, ಎರಡು, ಮೂರು. ಒಮ್ಮೆ ಪೊಲೀಸಿನವನು ನಿಲ್ಲಿಸಿ, ಸುತ್ತಲೂ ಎರಡು ಸಲ ನಡೆದು, ಯಾಕೆ ನಿಲ್ಲಿಸಿದೆನೆಂದು ಅವನಿಗೇ ಮರೆತುಹೋಗಿ, ಕಳಿಸಿಬಿಟ್ಟನಂತೆ.

ಎಲ್ಲ ಸರಿ. ಆ ಪ್ಲಾಸ್ಟಿಕ್ ಕವರೊಂದೇ ಅವನ ದುಃಖ. ಅವನ ಹೆಂಡತಿ ವೇದವತಿ ಮೈಸೂರಿನವರು. ಅವರ ತಂದೆ ಹೊಸ ಸೈಕಲ್ಲು ತಂದಾಗಲೂ ಪೂಜೆಯಾಗುವ ತನಕ ಮಗಳನ್ನು ಕ್ಯಾರಿಯರಿನ ಮೇಲೆ ಕೂರಿಸಿದವರಲ್ಲ. "ಪೂಜೆ ಆಗದೇ ಇರೋ ಗಾಡೀಲಿ ನಾನು ಕೂರಲ್ಲ," ಎಂದು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸೋಣವೆಂದರೆ ದಾರಿಯಲ್ಲಿ ವೇಗ ತಡೆಯುವ ಉಬ್ಬುಗಳು ಮೂರು. ಕಾರು ಮೊದಲನೆಯದರ ಮೇಲೇ ಹೊಟ್ಟೆ ಊರಿ ನಿಂತು, ನಾಲ್ಕು ಜನ ಹಿಂದಕ್ಕೆ ಎಳೆಯಬೇಕಾಯಿತು. ಅಲ್ಲಿಂದ ಎರಡು ವರ್ಷ ಅವನು ಖಾಲಿ ಸೀಟಿನ ಪಕ್ಕದಲ್ಲೇ ಓಡಾಡಿದ. ವೇದವತಿ ದಿನಸಿಗೆ ಹೋಗುತ್ತಿದ್ದದ್ದು ತಮ್ಮ ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ.

ಎಂಬತ್ತಾರರ ಅಕ್ಟೋಬರಿನಲ್ಲಿ ಆ ಸನಿವೇಲಿನ ತರುಣ ಫೋನು ಮಾಡಿದ. ಸ್ಯಾನ್ ಹೋಸೆಯ ಜಪಾನಿ ಕೇರಿಯಲ್ಲಿ ಭಾನುವಾರ ಸಂಜೆ ಇಂಥ ಕಾರಿನವರು ಒಂಬತ್ತು ಜನ ಸೇರುತ್ತಾರೆ, ಎಲ್ಲರೂ ಮನೆಯವರನ್ನು ಕರೆತರುತ್ತಾರೆ, ನೀವೂ ಬನ್ನಿ ಎಂದ. ಆ ಭಾನುವಾರವೇ ಆಯುಧಪೂಜೆ. ತಿರುಮಲೇಶ ಕ್ಯಾಂಪ್‌ಬೆಲ್ಲಿನ ನನ್ನ ಮನೆಗೆ ಬಂದು ಕೂತ.

"ರಾಯರೇ, ಪೂಜೆ ನೀವು ಮಾಡಿಕೊಡಬೇಕು."

"ನನಗೇನು ಬರುತ್ತಪ್ಪ? ಗಣಪತಿ ಸ್ತೋತ್ರ ಅರ್ಧ ಬರುತ್ತೆ."

"ನಿಮ್ಮ ಹತ್ರ ಪಂಚಾಂಗ ಇದೆ. ಅವಳು ಅದಕ್ಕೆ ಒಪ್ಪಿದಾಳೆ." ಆಮೇಲೆ, "ಒಂದೇ ಒಂದು ಸಲ ಪಕ್ಕದಲ್ಲಿ ಕೂತರೆ ಸಾಕು," ಅಂದ.

ಹೀಗೆ ನಾನು ಪುರೋಹಿತನಾದೆ. ಪಂಚಾಂಗವೇನೋ ಇತ್ತು, ಆದರೆ ಅದು ಮೈಸೂರಿನದು. ಇಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆಯಾದರೆ ಅಲ್ಲಿ ಸೋಮವಾರದ ಬೆಳಗಿನ ಜಾವ. ಮಾಡುತ್ತಿರುವುದು ಇಂದಿನ ಪೂಜೆಯೋ, ಮುಗಿದುಹೋದ ಪೂಜೆಯೋ? ನಾಲ್ಕೂವರೆಗೆ ರಾಹುಕಾಲ ಎಂದಿತ್ತು. ಯಾರ ನಾಲ್ಕೂವರೆ? ವೇದವತಿ ಕೇಳಿದಾಗ "ನಮ್ಮದೇ" ಎಂದು ಗಟ್ಟಿಯಾಗಿ ಹೇಳಿದೆ. ಗಟ್ಟಿಯಾಗಿ ಹೇಳುವುದೇ ಪೌರೋಹಿತ್ಯದ ಮುಕ್ಕಾಲು ಪಾಲು ಎಂದು ಅವತ್ತು ತಿಳಿಯಿತು.

ಬಾಳೆಕಂಬ ಸಿಗಲಿಲ್ಲ. ಹ್ಯಾಲೊವೀನ್ ಹಬ್ಬಕ್ಕೆಂದು ಗ್ರೋಸರಿಯ ಮುಂದೆ ಮಾರಲಿಟ್ಟಿದ್ದ ಜೋಳದ ದಂಟು ತಂದು ಎರಡು ಕೊಳವೆಗಳಿಗೆ ಕಟ್ಟಿದೆವು. ನನಗೆ ಕೊಳವೆಯ ಉಪಯೋಗ ಮೊದಲ ಸಲ ಕಂಡಿತು. ಬೂದುಗುಂಬಳದ ಬದಲು ಕಿತ್ತಳೆ ಬಣ್ಣದ ಹ್ಯಾಲೊವೀನ್ ಕುಂಬಳಕಾಯಿ. ಅರಿಶಿನ, ಕುಂಕುಮ, ಸೇವಂತಿಗೆ ಹಾರ, ಬರುವಷ್ಟು ಮಂತ್ರ, ಬರದ ಕಡೆ ಕೆಮ್ಮು. ಕಾಯಿ ಒಡೆದೆ. ಮಂಗಳಾರತಿ ಆಯಿತು. ಉಳಿದದ್ದು ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಬೋರಲು ಮಲಗಿದೆ.

ಇಲ್ಲಿಯ ನಿಂಬೆಹಣ್ಣನ್ನು ನೀವು ನೋಡಿರಲಿಕ್ಕಿಲ್ಲ. ಮೂಸಂಬಿಗೆ ತಮ್ಮನಾಗಬೇಕು. ಚಕ್ರವನ್ನು ಮುಚ್ಚಿದ್ದ ಆ ರೆಕ್ಕೆಯ ಕೆಳಗೆ ಅದು ಯಾವ ಕಡೆಯಿಂದಲೂ ಹೋಗಲಿಲ್ಲ.

"ಜಾಕ್ ಹಾಕಿ ಎತ್ತಪ್ಪ," ಅಂದೆ.

"ಜಾಕೂ ಹೋಗಲ್ಲ ರಾಯರೇ."

"ಹಣ್ಣನ್ನ ಅರ್ಧ ಮಾಡೋಣವಾ?"

ಜಗುಲಿಯ ಮೆಟ್ಟಿಲ ಮೇಲೆ ನಿಂತಿದ್ದ ವೇದವತಿ ಹೇಳಿದರು, "ಅರ್ಧ ಮಾಡಿದ್ರೆ ಪೂಜೆ ಅಲ್ಲ, ಪಾನಕ."

ಊರ್ಮಿಳಾ ನಕ್ಕಳು. "ನಮ್ಮನೆಯವರು ಅಲ್ಲಿ ತೂರಿಸ್ತಾ ಇರೋದು ನೋಡಿದ್ರೆ ಇಲಿ ಹಿಡಿಯೋಕೆ ಬಂದಿರೋ ಥರ ಇದೆ."

ತಿರುಮಲೇಶ ನಗಲಿಲ್ಲ. ಒಳಗಿನಿಂದ ಅಳತೆಯ ಉಪಕರಣ ತಂದು ಹಣ್ಣನ್ನು ಅಳೆದ, ಸಂದಿಯನ್ನು ಅಳೆದ. "ಹಣ್ಣು ಐವತ್ತೆಂಟು ಮಿಲಿಮೀಟರು. ಗ್ಯಾಪು ನಲವತ್ತೊಂದು." ಗಂಟೆ ಮೂರು ದಾಟಿತ್ತು. ಗರಾಜಿಗೆ ಹೋಗಿ ಸ್ಪ್ಯಾನರಿನ ಡಬ್ಬಿ ತಂದು ನೆಲದ ಮೇಲಿಟ್ಟ.

"ಏನ್ರೀ ಅದು?" ಎಂದು ವೇದವತಿ ಕೇಳಿದರು.

"ಎತ್ತರ ಮಾಡಿಬಿಡ್ತೀನಿ. ಗದ್ದ, ರೆಕ್ಕೆ ಬಿಚ್ಚಿದ್ರೆ ಜಾಕ್ ಹೋಗುತ್ತೆ, ಹಳೇ ಸ್ಪ್ರಿಂಗ್ ಹಾಕಿದ್ರೆ ಆಯ್ತು. ಇವತ್ತಿನ ಮೀಟಿಂಗು ಬೇಡ. ನೀನು ಮುಂದಿನ ವಾರದಿಂದ ಕೂರಬಹುದು."

"ಎತ್ತರ ಮಾಡಿದ್ಮೇಲೂ ಅದು ಇದೇ ಕಾರಾಗಿರುತ್ತಾ?"

"ಇಲ್ಲ," ಅಂದ ತಿರುಮಲೇಶ. "ಮಾಮೂಲಿ ಕಾರಾಗುತ್ತೆ."

ಅವನು ಬಗ್ಗಿ ಡಬ್ಬಿಯ ಚಿಲಕ ತೆಗೆದ. ವೇದವತಿ ಅವನ ಬೆನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು, ಬೇಲಿಯ ಪಕ್ಕದ ಸಣ್ಣ ಗೇಟು ತೆಗೆದು ಮೊರಿಮೊಟೊ ಮನೆಯ ಅಂಗಳಕ್ಕೆ ಹೋದರು. ಆ ಇಬ್ಬರ ನಡುವೆ ಕರಿಬೇವು, ಮೂಲಂಗಿಗಳ ಕೊಡುಕೊಳ್ಳುವಿಕೆ ಮೊದಲಿನಿಂದಲೂ ಇತ್ತು. ಅಂಗಳದಲ್ಲಿ ಎದೆಯೆತ್ತರದ ಕುಮ್‌ಕ್ವಾಟ್ ಗಿಡ. ಕಿತ್ತಳೆಯ ಜಾತಿಯದೇ, ಆದರೆ ಹಣ್ಣು ಗೋಲಿಗಿಂತ ಸ್ವಲ್ಪ ದೊಡ್ಡದು. ಅಕ್ಟೋಬರಾದ್ದರಿಂದ ಎಲ್ಲ ಹಸಿರು ಕಾಯಿ.

ವೇದವತಿ ನಾಲ್ಕು ಬೆರಳು ತೋರಿಸಿದರು. ಮುದುಕರು ಬೇಲಿಯಾಚೆಯ ಕಾರನ್ನು, ಅದರ ಹಾರವನ್ನು, ಜೋಳದ ದಂಟನ್ನು, ಸಿಮೆಂಟಿನ ಮೇಲೆ ಮಲಗಿದ್ದ ನನ್ನನ್ನು ನೋಡಿದರು. ಗದರುತ್ತಾರೆ ಅಂದುಕೊಂಡೆ. "ನಮ್ಮಲ್ಲೂ ಹೊಸ ವರ್ಷಕ್ಕೆ ಕಾರಿನ ಮುಂದೆ ಹುಲ್ಲಿನ ಹಗ್ಗ ಕಟ್ಟಿ ಒಂದು ಕಿತ್ತಳೆ ಸಿಕ್ಕಿಸುತ್ತಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಆ ಪುಂಡರೂ ಕಟ್ಟುತ್ತಾರೆ." ಕತ್ತರಿ ತಂದು ಒಂದೊಂದಕ್ಕೂ ಒಂದು ಎಲೆ ಬಿಟ್ಟು ಐದು ಕಾಯಿ ಕತ್ತರಿಸಿ ಕೊಟ್ಟರು.

ವೇದವತಿ ಬಂದು ಅಂಗೈ ನನ್ನ ಮುಂದೆ ಚಾಚಿದರು. "ಪುರೋಹಿತರೇ, ಇದು ನಿಂಬೆಹಣ್ಣು ತಾನೇ?"

ಎಲ್ಲರೂ ನನ್ನ ಕಡೆ ನೋಡಿದರು. ತಿರುಮಲೇಶನ ಕೈಯಲ್ಲಿ ಸ್ಪ್ಯಾನರು ಹಾಗೇ ನಿಂತಿತ್ತು. ಹೌದು ಅಂದರೆ ಸುಳ್ಳು. ಅಲ್ಲ ಅಂದರೆ ಆ ಕಾರು ಮಾಮೂಲಿ ಕಾರು. ಶಾಸ್ತ್ರದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಕೆಮ್ಮಿದೆ.

"ನಿಂಬೆಯ... ಕಡೆಯವರೇ," ಅಂದೆ. ಮುಕ್ಕಾಲು ಪಾಲು ಗಟ್ಟಿಯಾಗಿ.

"ಸಂಬಂಧ ನೋಡಿ ಹೇಳ್ತಾರೆ ನಮ್ಮನೆಯವರು," ಅಂದಳು ಊರ್ಮಿಳಾ.

ವೇದವತಿ ಐದನೆಯ ಕಾಯಿಯನ್ನು ಬಾಯಿಗೆ ಹಾಕಿ ಕಚ್ಚಿದರು. ಮುಖವೆಲ್ಲ ಮುದುಡಿತು, ಒಂದು ಕಣ್ಣು ಮುಚ್ಚಿಹೋಯಿತು. "ಹುಳಿ ಇದೆ," ಅಂದರು. "ಸಾಕು. ಇಡಿ."

ತಿರುಮಲೇಶ ಸ್ಪ್ಯಾನರು ಬಿಟ್ಟು, ಉಕ್ಕಿನ ಸ್ಕೇಲು ತಂದು ನನ್ನ ಪಕ್ಕದಲ್ಲೇ ಮಲಗಿದ. ಒಂದೊಂದೇ ಕಾಯಿಯನ್ನು ಸ್ಕೇಲಿನ ತುದಿಯಿಂದ ಚಕ್ರದ ಬುಡಕ್ಕೆ ದೂಡಿದ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ವೇದವತಿ ಬಾಗಿಲು ತೆಗೆದರು, ಪ್ಲಾಸ್ಟಿಕ್ ಕವರನ್ನು ಎರಡೂ ಕೈಯಿಂದ ಎಳೆದು ತೆಗೆದರು, ಮಡಿಸಿ ನನ್ನ ಕೈಗೆ ಕೊಟ್ಟು, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಕೂತರು. ಕೂತ ರಭಸಕ್ಕೆ ಕಾರು ಇನ್ನೂ ಸ್ವಲ್ಪ ತಗ್ಗಿತು.

"ಎಷ್ಟು ಕೆಳಗಿದೆ ರೀ ಇದು!" ಎಂಬ ಮಾತು ಕೇಳಿಸಿತು. ತಿರುಮಲೇಶ ಏನೋ ಹೇಳಿದ. ಅಷ್ಟರಲ್ಲಿ ಎಂಜಿನ್ನು ಶುರುವಾಗಿ, ಬೀದಿಯ ಕಿಟಕಿಗಳೆಲ್ಲ ಅದುರಿ, ಮಾತು ಕೇಳದಾಯಿತು. ಜೋಳದ ದಂಟಿನ ನಡುವಿನಿಂದ ಹೊಗೆ ಮೇಲಕ್ಕೆ ಹೋಯಿತು. ಕಾರು ಮೆಲ್ಲಗೆ ರಸ್ತೆಗಿಳಿಯಿತು. ಬೀದಿಯ ಕೊನೆಯ ಸ್ಟಾಪ್ ಬೋರ್ಡಿನ ಹತ್ತಿರ ನಿಂತಿತು. ನಾನು ಎಣಿಸಿದೆ. ಒಂದು, ಎರಡು, ಮೂರು. ಹೊರಡಲಿಲ್ಲ. ಹತ್ತರವರೆಗೂ ಎಣಿಸಿದೆ. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಆಮೇಲೆ ಎಡಕ್ಕೆ ತಿರುಗಿ ಹೋಯಿತು.

ಸಿಮೆಂಟಿನ ಮೇಲೆ ನೋಡಿದೆ. ಮೂರು ಕಾಯಿ ಅಪ್ಪಚ್ಚಿಯಾಗಿದ್ದವು. ನಾಲ್ಕನೆಯದು ಪಕ್ಕಕ್ಕೆ ಸರಿದು, ತನ್ನ ಎಲೆಯ ಸಮೇತ, ದುಂಡಗೆ ಕೂತಿತ್ತು. ಇದಕ್ಕೆ ಏನು ಅರ್ಥವೋ ಪಂಚಾಂಗದಲ್ಲಿ ಇಲ್ಲ. ಮೊರಿಮೊಟೊ ಬೇಲಿಯ ಮೇಲಿಂದ ನೋಡುತ್ತಿದ್ದರು. ಅವರು ಆ ಕಡೆ ತಿರುಗುವ ತನಕ ಕಾದು, ನಾನು ಅದನ್ನು ಹಿಮ್ಮಡಿಯಿಂದ ತುಳಿದೆ.