ಇಳಿಜಾರು ಹುಡುಕುತ್ತಿದ್ದ ಕಾಕಾ

ಯಾವ ಊರಿಗೆ ಹೋದರೂ ನಮ್ಮ ಶಂಕ್ರಪ್ಪ ಕಾಕಾ ಮೊದಲು ನೋಡುತ್ತಿದ್ದುದು ನೆಲವನ್ನು. ಹೋದ ಮನೆಯವರು ಬಡವರೋ ಸಾವಕಾರರೋ, ಅದೆಲ್ಲ ಆಮೇಲಿನ ಮಾತು. ನೆಲ ಎಲ್ಲಿ ಇಳಿಜಾರಾಗಿದೆ, ಆ ಇಳಿಜಾರು ಎಷ್ಟು ದೂರ ಹೋಗುತ್ತದೆ, ಕೆಳಗೆ ಗಟಾರು ಏನಾದರೂ ಇದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಜಾಗ ಮನಸ್ಸಿಗೆ ಬಂದರೆ ಕಾರಿನ ಮೋರೆ ಕೆಳಗೆ ಮಾಡಿ ನಿಲ್ಲಿಸಿ, ಹಿಂದಿನ ಸೀಟಿನ ಬುಡದಿಂದ ಒಂದು ಕಲ್ಲು ತೆಗೆದು ಗಾಲಿಗೆ ಅಡ್ಡ ಇಟ್ಟು, ಅಲ್ಲಿಂದ ತಮಗೆ ಬೇಕಾದ ಮನೆಗೆ ನಡೆದುಕೊಂಡು ಹೋಗುತ್ತಿದ್ದರು. ಕಾರು ಇದ್ದೂ ಅವರಷ್ಟು ನಡೆದವರನ್ನು ನಾನು ಕಂಡಿಲ್ಲ.

ಇದಕ್ಕೆಲ್ಲ ಕಾರಣ ಅವರ ಕಾರಿನ ಬ್ಯಾಟರಿ. ಕಾಕಾ ಬೆಟಗೇರಿಯಲ್ಲಿ ಮಗ್ಗ ಇಟ್ಟು ಸೀರೆ ವ್ಯಾಪಾರ ಮಾಡುತ್ತಿದ್ದರು. ನನ್ನ ಅಪ್ಪ ಬೇಗ ತೀರಿಕೊಂಡದ್ದರಿಂದ ನಾನೂ ಅವ್ವನೂ ಅವರ ಮನೆಯಲ್ಲೇ ಇದ್ದೆವು. ನಮ್ಮ ದೇಶ ಬಿಟ್ಟು ಹೊರಡಲು ಗಂಟುಮೂಟೆ ಕಟ್ಟುತ್ತಿದ್ದ ಹುಬ್ಬಳ್ಳಿಯ ಇಂಗ್ಲಿಷ್ ಸಾಹೇಬನೊಬ್ಬ ತನ್ನ ಕರಿ ಕಾರನ್ನು ಮಾರುತ್ತಾನೆಂದು ಕೇಳಿ, ಕಾಕಾ ಹೋಗಿ ತಂದೇಬಿಟ್ಟರು. ತಂದದ್ದಾಯಿತು, ಓಡಿಸುವುದು ಎಲ್ಲಿ? ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಪೆಟ್ರೋಲು ಸುಲಭಕ್ಕೆ ಸಿಗುತ್ತಿರಲಿಲ್ಲ. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತಿತ್ತು, ಬ್ಯಾಟರಿ ಕೂತಲ್ಲೇ ಇಳಿಯುತ್ತಿತ್ತು.

ಇಳಿದ ಬ್ಯಾಟರಿಯನ್ನು ಸೈಕಲ್ ಹಿಂದೆ ಕಟ್ಟಿ ಗದಗಿನ ಗ್ಯಾರೇಜಿಗೆ ಚಾರ್ಜಿಗೆ ಕಳಿಸುತ್ತಿದ್ದರು. ಯಾರಾದರೂ ಕಾರು ಕೇಳಿಕೊಂಡು ಬಂದರೆ ಕಾಕಾ ಗಂಭೀರವಾಗಿ, “ಬ್ಯಾಟರಿ ದವಾಖಾನ್ಯಾಗ ಐತ್ರಿ, ನಾಳೆ ಬಿಡತಾರ,” ಎನ್ನುತ್ತಿದ್ದರು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಒಳಗಿಂದಲೇ ಕೂಗುತ್ತಿದ್ದಳು.

“ವಾರಕ್ಕೊಮ್ಮೆ ಆದ್ರೂ ಓಡಸರಿ ಅದನ್ನ. ಎತ್ತಾದ್ರೂ ಸುಮ್ನ ಕಟ್ಟಿ ಹಾಕಿದ್ರ ನಡಿಯೂದು ಮರೀತೈತಿ.”

“ಪೆಟ್ರೋಲ್ ಏನು ನಿಮ್ಮಪ್ಪನ ಬಾವ್ಯಾಗ ಉಕ್ಕತೈತೇನ?”

“ಹಂಗಾರ ಗ್ಯಾರೇಜಿನಾಂವ ಹೇಳಿಲ್ಲೇನು, ನಿಂದ್ರಸೂ ಮುಂದ ವಾಯರ್ ಬಿಚ್ಚಿ ಇಡ್ರಿ ಅಂತ?”

ಆ ಮಾತಿಗೆ ಒಪ್ಪಿ ಕಾಕಾ ಒಮ್ಮೆ ವಾಯರ್ ಬಿಚ್ಚಿಟ್ಟರು. ಬಿಚ್ಚಿಟ್ಟದ್ದನ್ನು ಮರೆತು, ಮುಂದಿನ ತಿಂಗಳು ಅರ್ಧ ದಿನ ಕಾರಿಗೂ ಸಾಹೇಬನಿಗೂ ಸಾಹೇಬನ ವಂಶಕ್ಕೂ ಬೈದರು. ಚಿಗವ್ವ ಬಂದು ಬಾನೆಟ್ ಎತ್ತಿ ತೋರಿಸಿದ ಮೇಲೆ ಆ ಉಪಾಯಕ್ಕೂ ಕೈ ಮುಗಿದರು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬಹುದಿತ್ತು ನಿಜ. ಆದರೆ ಕಾರು ತಂದ ಹೊಸತರಲ್ಲೇ ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಕಾಕಾನ ಮಣಿಕಟ್ಟು ಮುರಿದಿತ್ತು. ಹೀಗಾಗಿ ಉಳಿದದ್ದು ಎರಡೇ ದಾರಿ. ಒಂದೋ ನಾಲ್ಕು ಜನ ನೂಕಬೇಕು, ಇಲ್ಲವೇ ಇಳಿಜಾರು ಬೇಕು.

ಕಾಕಾ ಎಂಥ ಮನುಷ್ಯ ಎಂಬುದು ಇಲ್ಲೇ ಗೊತ್ತಾಗುತ್ತದೆ. ಓಣಿಯಲ್ಲಿ ನೂಕುವ ಕೈಗಳಿಗೇನು ಬರವಿರಲಿಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಕಾಕಾನ ಪಾತ್ರೆ, ಕಾಕಾನ ಜಮಖಾನೆ. ಯಾರು ಬೇನೆ ಬಿದ್ದರೂ ವೈದ್ಯರನ್ನು ಕರೆತರಲು ಕಾಕಾ. ಆದರೆ ತಾವು ಒಬ್ಬರಿಂದ ಒಂದು ಬೊಗಸೆ ನೀರನ್ನೂ ಕೇಳಿ ಕುಡಿದವರಲ್ಲ. ಸ್ವಾತಂತ್ರ್ಯ ಬಂದ ದಿನ ಮುಂಜಾನೆ ಇದನ್ನು ಇಡೀ ಓಣಿ ನೋಡಿತು. ಬಾವುಟ ಕಟ್ಟಿದ ಕಾರಿನಲ್ಲಿ ಗದಗಿನ ತನಕ ಮೆರವಣಿಗೆ ಹೋಗುವುದೆಂದು ಕಾಕಾ ವಾರದಿಂದ ಸಾರಿಕೊಂಡು ಬಂದಿದ್ದರು. ಕಾರು ತೊಳೆದು ಮಾವಿನೆಲೆ ಕಟ್ಟಿ ಗುಂಡಿ ಒತ್ತಿದರೆ ಒಳಗಿಂದ ಒಂದು ನಿಟ್ಟುಸಿರು ಬಂತು, ಅಷ್ಟೇ. ನೇಕಾರರೆಲ್ಲ ತೋಳೇರಿಸಿ, “ನಾವು ನೂಕತೀವಿ ಬಿಡ್ರಿ ಸಾವಕಾರ್ರ,” ಎಂದು ಹಿಂದೆ ಬಂದು ನಿಂತರು. ಕಾಕಾ ಕೆಳಗಿಳಿದು ಬಾವುಟ ಬಿಚ್ಚಿಕೊಂಡು ಹೆಗಲಿಗಿಟ್ಟು, “ಇವತ್ತರ ನಮ್ಮ ಕಾಲ ಮ್ಯಾಲೆ ನಾವು ನಡಿಯೂಣು,” ಎಂದು ಮುಂದೆ ಹೊರಟರು. ಜನ ಜೈಕಾರ ಹಾಕಿ ಹಿಂದೆ ನಡೆದರು. ಅಂದು ಹತ್ತು ವರ್ಷವೂ ತುಂಬಿರದ ನಾನು ಅದನ್ನು ದೇಶಭಕ್ತಿ ಎಂದು ತಿಳಿದು ಎದೆಯುಬ್ಬಿಸಿ ನಡೆದೆ. ಸಂಜೆ ಚಿಗವ್ವ ಕಾಲು ತಿಕ್ಕಿಕೊಳ್ಳುತ್ತ, “ದೇಶಭಕ್ತಿ ಅಲ್ಲವ್ವ ಅದು, ಮಂದಿ ಕೈ ಹಚ್ಚಬಾರದು ಅನ್ನೂ ಹಟ,” ಎಂದಳು.

ಅಂದಿನಿಂದ ಕಾರು ಬೆಟಗೇರಿಯ ಏರು ದಾರಿಯ ತುದಿಗೆ ಹೋಗಿ ನಿಂತಿತು. ಕಾಕಾ ಕಲ್ಲು ಸರಿಸಿ ಒಳಗೆ ಕೂತು ಕೆಳಗೆ ಬಿಟ್ಟುಕೊಂಡು, ಅರ್ಧ ದಾರಿಯಲ್ಲಿ ಗೇರ್ ಹಾಕಿದರೆ ಕಾರು ಒಮ್ಮೆ ಜಗ್ಗಿ, ಕೆಮ್ಮಿ, ಚಾಲೂ ಆಗುತ್ತಿತ್ತು. ಆಮೇಲೆ ಅವರ ವ್ಯಾಪಾರ, ನೆಂಟಸ್ತಿಕೆ ಎಲ್ಲ ಇಳಿಜಾರಿನ ಪ್ರಕಾರ ನಡೆಯತೊಡಗಿತು. ಮುಂಡರಗಿಗೆ ಹೋಗುವುದೆಂದರೆ ಅವರಿಗೆ ಖುಷಿ, ಅಲ್ಲಿ ಗುಡ್ಡದ ಮಗ್ಗಲು ಇತ್ತು. ಲಕ್ಕುಂಡಿಯಲ್ಲಿ ಒಂದು ದಿಬ್ಬ ಗೊತ್ತು ಮಾಡಿಕೊಂಡಿದ್ದರು. ಹುಲಕೋಟಿಯಲ್ಲಿ ಅವರಿಗೆ ಬೇಕಾದ ಮನೆಯ ಸುತ್ತ ಎಲ್ಲ ಸಪಾಟು, ಹೀಗಾಗಿ ಹುಲಕೋಟಿಯ ಗೆಳೆಯರೇ ಇವರಲ್ಲಿಗೆ ಬರುತ್ತಿದ್ದರು.

ನನ್ನ ಮದುವೆಯ ಮಾತು ಬಂದಾಗ ಈ ಇಳಿಜಾರು ನನ್ನ ಕುತ್ತಿಗೆಗೇ ಬಂತು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಅಕ್ಕೋರಾಗಿ ಸೇರಿದ್ದೆ. ನೋಡಲು ಬಂದ ಮನೆಯವರೆಲ್ಲ ನೌಕರಿ ಬಿಡಬೇಕೆಂದೇ ಮಾತು ಸುರು ಮಾಡುತ್ತಿದ್ದರು. ಲಕ್ಷ್ಮೇಶ್ವರದವರು ಮಾತ್ರ, “ಸಾಲಿ ನಮ್ಮೂರಾಗೂ ಅದಾವು, ಕಲಸಲಿ,” ಎಂದರು. ಆ ಹುಡುಗನೂ ಮಾಸ್ತರ. ನನ್ನನ್ನು ನೋಡಲು ಬಂದಾಗ, ಯಾವ ಪುಸ್ತಕ ಓದೀರಿ ಎಂದು ಕೇಳಿ ಉತ್ತರಕ್ಕೆ ಕಾದ. ಹಾಗೆ ಕಾದವನು ಅವನೊಬ್ಬನೇ. ನನಗೆ ಅವನೇ ಬೇಕಾಗಿತ್ತು.

ಲಕ್ಷ್ಮೇಶ್ವರದ ಆ ಮನೆ ಇದ್ದದ್ದು ಪೇಟೆಯ ನಡುವೆ, ಅಂಗೈಯಷ್ಟು ಸಪಾಟು ನೆಲದಲ್ಲಿ. ಹತ್ತಿರದಲ್ಲಿ ಇಳಿಜಾರೇ ಇಲ್ಲ. ಕಾಕಾ ಮಾತುಕತೆಗೆ ಹೋದಾಗಲೆಲ್ಲ ಬಾಗಿಲ ಮುಂದೆ ಕಾರನ್ನು ಚಾಲೂ ಇಟ್ಟೇ, ಒಂದು ಕಾಲು ಹೊಸ್ತಿಲ ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು ಮಾತಾಡಿ, ಕೊಟ್ಟ ನೀರಿಗೆ ತುಟಿ ಹಚ್ಚಿ ಹೊರಟುಬಿಡುತ್ತಿದ್ದರು. ಮೂರನೆಯ ಸಲ ಹುಡುಗನ ತಂದೆ ನೇರವಾಗಿ ಅಂದರಂತೆ.

“ನಮ್ಮ ಪಡಸಾಲ್ಯಾಗ ಕುಂಡ್ರಾಕ ನಿಮಗ ಮನಸ್ಸಿಲ್ಲ. ಇಂಥಾದ್ರಾಗ ಬೀಗತನ ಹೆಂಗ ಮಾಡೋದ್ರಿ? ಬ್ಯಾರೆ ಕಡೆ ನೋಡ್ಕೊರಿ.”

ಕಾಕಾ ಮನೆಗೆ ಬಂದು ಇದನ್ನು ಹೇಳಿ ರುಮಾಲು ತೆಗೆದಿಟ್ಟರು. ಚಿಗವ್ವ ನನ್ನ ಮುಖ ನೋಡಿದಳು. ದೊಡ್ಡವರ ಮುಂದೆ ಹೆಣ್ಣುಮಕ್ಕಳು ಮದುವೆಯ ಮಾತಾಡುವ ಕಾಲ ಅದಲ್ಲ. ಆದರೂ ನಾನು ಅಂದೇಬಿಟ್ಟೆ.

“ಕಾಕಾ, ನನಗ ಆ ಮನೀನ ಬೇಕು.”

“ಬ್ಯಾಟರಿದು ಹೇಳಿಬಿಡಬೇಕಿತ್ತಲ್ರಿ ಅವರಿಗೆ,” ಎಂದು ಚಿಗವ್ವ ಮೆಲ್ಲಗೆ ಅಂದಳು. “ಹೇಳಿದ್ರ ನೂಕತೀವಿ ಅಂತಿದ್ರು,” ಎಂದರು ಕಾಕಾ. ಅವರ ದನಿಯಲ್ಲಿದ್ದದ್ದು ಸೊಕ್ಕಲ್ಲ, ಹೆದರಿಕೆ. ಒಬ್ಬರ ಹಂಗಿಗೆ ಬೀಳುವುದೆಂದರೆ ಆ ಮನುಷ್ಯ ನಿಜವಾಗಿಯೂ ಹೆದರುತ್ತಿದ್ದರು ಎಂಬುದು ನನಗೆ ಅವತ್ತೇ ತಿಳಿದದ್ದು.

ಮರುದಿನ ಮುಂಜಾನೆ ಚಿಗವ್ವನನ್ನೂ ಕೂರಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ಅಲ್ಲಿ ನಡೆದದ್ದನ್ನು ಚಿಗವ್ವ ಸಾಯುವತನಕ ಹೇಳಿ ಹೇಳಿ ನಗುತ್ತಿದ್ದಳು. ಕಾಕಾ ಕಾರನ್ನು ನೇರ ಬೀಗರ ಅಂಗಳಕ್ಕೆ ಒಯ್ದು ಕಟ್ಟೆಯ ಮುಂದೆ ನಿಲ್ಲಿಸಿ ಕೀಲಿ ತಿರುವಿದರಂತೆ. ಸದ್ದು ನಿಂತಿತು. ಮನೆಮಂದಿಯೆಲ್ಲ ಹೊರಗೆ ಬಂದರು. ಕಾಕಾ ಇಳಿದು ಕೀಲಿಕೈಯನ್ನು ಹುಡುಗನ ತಂದೆಯ ಕೈಯಲ್ಲಿಟ್ಟರು.

“ಗಾಡಿ ಬಂದ್ ಮಾಡೇನ್ರಿ. ಇದರ ಬ್ಯಾಟರಿ ಖರೆ ಹೇಳಬೇಕಂದ್ರ ಸತ್ತೈತಿ. ಅದಕ್ಕ ಇಷ್ಟು ದಿನ ನಿಮ್ಮ ಮನ್ಯಾಗ ಕುಂಡರಲಿಲ್ಲ, ಬ್ಯಾರೆ ಏನಿಲ್ಲ. ಇನ್ನ ನೀವು ನೂಕಿದ್ರಷ್ಟ ನಾ ನನ್ನ ಮನಿ ಮುಟ್ಟಾಂವ.”

ನನ್ನ ಮಾವನವರಾಗಲಿದ್ದ ಆ ಹಿರಿಯರು ಕೀಲಿಕೈ ನೋಡಿದರು, ಕಾರು ನೋಡಿದರು, ಕಾಕಾನ ಬೆವೆತ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಸುರು ಮಾಡಿದರು.

“ಅಲ್ರೀ, ಕನ್ನಡ ನಾಡು ಒಂದಾಗಾಕ ಹತ್ತೇತಿ. ಎರಡು ಮನಿ ಒಂದಾಗಾಕ ಒಂದು ಡಬ್ಬಿ ಅಡ್ಡ ಬಂದಿತ್ತೇನ್ರಿ? ಬರ್ರಿ, ಮದಲ ಊಟ. ನೂಕೂದು ಆಮ್ಯಾಲೆ ನೋಡೂಣಂತ.”

ಸಂಜೆತನಕ ಕಾಕಾ ಅವರ ಪಡಸಾಲೆಯಲ್ಲಿ ಕೂತರು. ಎರಡು ಸಲ ಚಹಾ ಕುಡಿದರು, ತಾರೀಕು ಗೊತ್ತು ಮಾಡಿದರು. ಹೊರಡುವಾಗ ಮಾವನವರು, ಅವರ ಮಗ, ಓಣಿಯವರು ಎಲ್ಲರೂ ಸೇರಿ ಪೇಟೆಯ ಕೊನೆತನಕ ಕಾರು ನೂಕಿದರು. ಮಗ, ಅಂದರೆ ಈಗ ನಮ್ಮವರು, ನೂಕುತ್ತ ಕಾರಿನ ಮಗ್ಗಲಿಗೆ ಬಂದಾಗ ಒಳಗೆ ನೋಡಿದರಂತೆ. ಕಾಕಾ ಎರಡೂ ಕೈಯಲ್ಲಿ ಸ್ಟಿಯರಿಂಗ್ ಚಕ್ರ ಹಿಡಿದುಕೊಂಡು ಅಳುತ್ತಿದ್ದರು. “ಧೂಳು ಬಿತ್ತು,” ಎಂದರಂತೆ.

ನನ್ನ ಮದುವೆಯಾಗಿ, ನಾಡು ಒಂದಾಗಿ, ನಾನು ಲಕ್ಷ್ಮೇಶ್ವರದ ಶಾಲೆಗೆ ಸೇರಿ ಕೆಲವು ವರ್ಷ ಕಳೆದ ಮೇಲೆ ಕಾಕಾ ಹಾಸಿಗೆ ಹಿಡಿದರು. ಕಾರನ್ನು ಅಷ್ಟರೊಳಗೆ ಶಿರಹಟ್ಟಿಯ ಯಾರಿಗೋ ಕೊಟ್ಟಾಗಿತ್ತು. ನಾವು ನೋಡಲು ಹೋದಾಗ ಚಿಗವ್ವ ಕಣ್ಣೀರು ಹಾಕಿದಳು. ಕಾಕಾನ ಸೊಂಟದ ಬಲ ಹೋಗಿತ್ತು. ಆದರೂ ಯಾರಿಗೂ ಎಬ್ಬಿಸಲು ಬಿಡುತ್ತಿರಲಿಲ್ಲವಂತೆ. ತಾವೇ ಗೋಡೆ ಹಿಡಿದು ಏಳಲು ಹೋಗಿ ಬಿದ್ದು ಹಣೆ ಒಡೆದುಕೊಂಡಿದ್ದರು. ನಾನು ಕೈ ಚಾಚಿದರೆ ನನ್ನನ್ನೂ ತಳ್ಳಿದರು. ನಮ್ಮವರು ಹೋಗಿ ಹಾಸಿಗೆಯ ಪಕ್ಕದಲ್ಲಿ ಸುಮ್ಮನೆ ಕೂತರು. ಕಾಕಾ ಅವರನ್ನು ಸ್ವಲ್ಪ ಹೊತ್ತು ನೋಡಿ, ಎರಡೂ ತೋಳು ಮೇಲೆತ್ತಿದರು.

“ನೀವು ಎಬ್ಬಸರಿ ಅಳಿಯಂದಿರ. ನಿಮ್ಮ ಮುಂದ ನನಗ ನಾಚಿಕಿಲ್ಲ.”

ನಮ್ಮವರು ಎಬ್ಬಿಸಿ ಎದೆಗೆ ಆನಿಸಿಕೊಂಡು ಕೂರಿಸಿದರು. ಒಂದು ಕಾಲಕ್ಕೆ ಬಾವುಟ ಹೊತ್ತ ಹೆಗಲು ಈಗ ಹಿಡಿಯಷ್ಟಾಗಿತ್ತು. ಬೆನ್ನು ನೋಯುತ್ತಿರಬಹುದೆಂದು ಮತ್ತೆ ಮಲಗಿಸಲು ಹೋದರೆ ಕಾಕಾ ಅವರ ಅಂಗಿ ಬಿಡಲಿಲ್ಲ.

“ಇನ್ನೊಂದೀಟು ಹಿಡಕೊಂಡಿರ್ರಿ,” ಎಂದರು.