ಖಂಡೇ ಪೂಜೆಯ ದಿನ ಎತ್ತಿದ ಪಾನಾ

ಐವತ್ತೆಂಟಕ್ಕೆ ಮದುವೆಯಾದವಳಿಗೆ ಎಲ್ಲವೂ ಸಂಭ್ರಮ! ಇಂದು ಇವರ ಹಳೆಯ ಕಾರಿಗೆ ನಮ್ಮ ಮೊದಲ ಖಂಡೇ ಪೂಜೆ, ಅಂದರೆ ಆಯುಧಪೂಜೆ. "ಪ್ಲಗ್ ಬಿಚ್ಚುವ ಪಾನಾ ಯಾಕೆ ಪೂಜೆಗೆ ಇಡಲಿಲ್ಲ?" ಎಂದು ಇವರು ಕೇಳಿದರು. ತೆರೆದ ಬಾನೆಟ್ಟಿನ ಪೆಟ್ರೋಲ್ ವಾಸನೆಗೆ ನಾನು ಚಿಕ್ಕವಳಿದ್ದಾಗಿನ ಒಂದು ಖಂಡೇ ಪೂಜೆ ನೆನಪಾಯಿತು.

ಕುರ್ಲಾದ ನಮ್ಮ ಚಾಳಿನ ಮುಂದೆ ಅಪ್ಪ ತಮ್ಮ ಟ್ಯಾಕ್ಸಿಯ ಇಂಜಿನ್ ಮೇಲೂ ದೇವರಿಗೆ ಎರೆದಂತೆ ಬಿಂದಿಗೆಗಟ್ಟಲೆ ನೀರು ಸುರಿದಿದ್ದರು. ಮಧ್ಯಾಹ್ನ ಅವ್ವನಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾಯಿತು. ಹಬ್ಬದ ದಿನ ಬೇರೆ ಟ್ಯಾಕ್ಸಿ ಸಿಗಲಿಲ್ಲ. ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅಪ್ಪ ಚಾವಿ ತಿರುಗಿಸಿದರೆ, ಇಂಜಿನ್ ಗರಗರ ತಿರುಗುತ್ತಿತ್ತು, ಸ್ಟಾರ್ಟ್ ಆಗುತ್ತಿರಲಿಲ್ಲ.

"ಪೆಟ್ರೋಲ್ ಬರಾಕತ್ತೈತಿ. ಪ್ಲಗ್ ತೊಯ್ದಾವ, ಬಿಚ್ಚಿ ಒಣಗಿಸ್ಬೇಕು. ಪಾನಾ ದೇವರ ಮುಂದೈತಿ ಅವ್ವಾ," ಎಂದರು ಅಪ್ಪ ಅಜ್ಜಿಗೆ. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟಬಾರದು. ಮನೆಯಲ್ಲಿ ಆ ನಿಯಮ ಕಾಯುತ್ತಿದ್ದವಳೇ ಅಜ್ಜಿ.

ಅವಳು ಒಳಗೆ ಹೋಗಿ, ಕುಂಕುಮ ಹಚ್ಚಿದ ಪಾನಾವನ್ನು ತಾನೇ ಎತ್ತಿ ತಂದಳು. "ಹಿಡಿ. ಪಾಪ ಬಂದ್ರ ನನಗ ಬರ್ಲಿ. ಲಗೂ ಮಾಡು."

ಇಂಜಿನ್ ಶುರುವಾಯಿತು. ಆಸ್ಪತ್ರೆಯಿಂದ ಅವ್ವ ಬದುಕಿ ಬಂದಳು, ಕೂಸು ಬರಲಿಲ್ಲ.

ಪಾನಾ ಎತ್ತಿದ್ದಕ್ಕೇ ಹೀಗಾಯಿತೆಂದು ನಲ್ಲಿಯ ಬಳಿ ಹೆಂಗಸರು ಆಡಿಕೊಂಡರು. ಮುಂದಿನ ವರ್ಷ ಅಪ್ಪ ಪಾನಾ ತೊಳೆದು ಪೂಜೆಗಿಡಲು ಹೋದಾಗ ಅಜ್ಜಿ ತಡೆದಳು. "ಅದು ಗಾಡ್ಯಾಗ ಇರ್ಲಿ. ನನ್ನ ಸೊಸಿನ್ನ ಉಳಿಸೇತಿ, ಅದರ ಪೂಜಿ ಆಗೇತಿ."

ಇವರು ಓದಲೆಂದೇ ಇಷ್ಟು ಬರೆದೆ. ಪಾನಾ ಡಿಕ್ಕಿಯಲ್ಲಿದೆ ರೀ!