ಹನ್ನೆರಡು ಮನೆಗಳ ಕೃತಜ್ಞತೆ

ಆರು ವರ್ಷಗಳಲ್ಲಿ ಗಿಮ್ಮೇಜ್ ಹಳ್ಳಿಯ ಪೇಂಟರ್ ಮೆತ್ವಲ್ಲಿ ಶಾಸಕ ಶಾಕಿರ್ ದೂಮಾಗೆ ಹದಿನೇಳು ಸಲ ಕೃತಜ್ಞತೆ ಹೇಳಿದ್ದ. ಒಂದು ಸಲವೂ ಬಾಯಿಂದಲ್ಲ. ಹದಿನೇಳೂ ಬಿಳಿ ಬಟ್ಟೆಯ ಮೇಲೆ, ಕೆಂಪು ಬಣ್ಣದಲ್ಲಿ, ಮೂರು ಬೆರಳಗಲದ ಕುಂಚದಿಂದ. ಮೊದಲ ತಿರುವಿನವರೆಗೆ ಬಂದು ನಿಂತ ಡಾಂಬರಿಗೆ ಒಂದು ಬ್ಯಾನರು. ಕಾಲುವೆ ದಂಡೆಯ ದೀಪದ ಕಂಬಗಳಿಗೆ ಒಂದು. ದೀಪಗಳು ಆಮೇಲೆ ಬರುವುದಿತ್ತು. ಆಂಬುಲೆನ್ಸಿಗೆ ಒಂದು; ಅದು ಬಂದು, ಫೋಟೋ ತೆಗೆಸಿಕೊಂಡು, ಬಂದ ದಾರಿಯಲ್ಲೇ ಹೋದದ್ದು ಮತ್ತೆ ಗಿಮ್ಮೇಜ್ ಹಳ್ಳಿಯ ಕಡೆ ತಲೆಹಾಕಲಿಲ್ಲ.

ನೈಲ್ ನದಿ ಕವಲೊಡೆದು ಕಡಲಿಗೆ ಹೋಗುವ ಆ ಬಯಲಿನ ಊರುಗಳಲ್ಲಿ ರಸ್ತೆ ಬರುವ ಮೊದಲು ರಸ್ತೆಯ ಕೃತಜ್ಞತೆ ಬರುತ್ತದೆ. ಎರಡು ಕಂಬಗಳ ನಡುವೆ ಬಟ್ಟೆ ಎಳೆದು ಕಟ್ಟಬೇಕು. ಮೇಲೆ ಶಾಸಕನ ಹೆಸರು, ಕೆಳಗೆ ಉಪಕಾರ ನೆನೆಯುವ ಮನೆತನಗಳ ಹೆಸರು. ಪಟ್ಟಣದಲ್ಲಿ ಮುದ್ರಣದ ಯಂತ್ರಗಳು ಬಂದು ಎಷ್ಟೋ ಕಾಲವಾಗಿತ್ತು. ಆದರೂ ಶಾಸಕನ ಬಲಗೈಯಾದ ಬಸ್ಯೂನಿ ಗಿಮ್ಮೇಜ್‌ಗೆ ಬೇಕಾದ ಬ್ಯಾನರಿಗೆ ಮೆತ್ವಲ್ಲಿಯ ಮನೆಗೇ ಬರುತ್ತಿದ್ದ. ಅದಕ್ಕೆ ಕಾರಣವಿತ್ತು.

ಹದಿನೈದನೇ ವಯಸ್ಸಿನಲ್ಲಿ ಮೆತ್ವಲ್ಲಿ ಒಂದು ಬ್ಯಾನರಿನಲ್ಲಿ ಪಕ್ಕದ ಮನೆಯವರ ಹೆಸರನ್ನು ಅವರನ್ನು ಕೇಳದೆ ಸೇರಿಸಿದ್ದ. ಕುಂಚ ಹಿಡಿಯಲು ಕಲಿಸಿದ ಗುರು ಶೇಖ್ ಗುನೈಮ್ ಅವನ ಕಿವಿ ಹಿಡಿದು ಕಾಲುವೆಗೆ ಎಳೆದೊಯ್ದು ಇಡೀ ಬಟ್ಟೆಯನ್ನು ಒಗೆಸಿದ್ದರು. "ಹೆಸರು ಅಂದ್ರೆ ಬಾಯಿ ಕಣೋ, ಕತ್ತೆ! ಕೇಳದೆ ಇನ್ನೊಬ್ಬರ ಬಾಯಿಗೆ ಮಾತು ತುರುಕ್ತೀಯಾ?" ಅಂದಿನಿಂದ ನಲವತ್ತು ವರ್ಷ, ಮನೆಯ ಹಿರಿಯರು ಹೂಂ ಅನ್ನದೆ ಅವನು ಒಂದು ಹೆಸರನ್ನೂ ಬರೆದವನಲ್ಲ. ಮೆತ್ವಲ್ಲಿಯ ಅಕ್ಷರದಲ್ಲಿ ಹೆಸರಿದೆ ಎಂದರೆ ಆ ಮನೆ ಒಪ್ಪಿದೆ ಎಂದು ಊರು ನಂಬುತ್ತಿತ್ತು. ಬಸ್ಯೂನಿಗೆ ಬೇಕಾದದ್ದು ಆ ನಂಬಿಕೆ.

ಈ ಸಲ ಅವನು ಭಾನುವಾರ ಬಂದ. ಹನ್ನೆರಡು ಮೀಟರ್ ಬಟ್ಟೆಯ ಸುರುಳಿಯನ್ನು ಜಗಲಿಯ ಮೇಲಿಟ್ಟು, ಕಸುಬುದಾರರನ್ನು ಊರು ಕರೆಯುವಂತೆ 'ಉಸ್ತಾ' ಎಂದು ಕರೆದ.

"ಉಸ್ತಾ, ಕೈ ತೊಳ್ಕೊಂಡು ಬರಿ. ಇದು ಡಾಂಬರಲ್ಲ. ಡಯಾಲಿಸಿಸ್ ಘಟಕ! ಐದು ಯಂತ್ರ, ಐದು ಕುರ್ಚಿ. ಗುರುವಾರದಿಂದ ಶುರು. ಮೊದಲನೇ ಕುರ್ಚಿ ಯಾರದು ಹೇಳು?"

ಮೆತ್ವಲ್ಲಿ ಒಳಮನೆಯ ಕಡೆ ತಿರುಗಿ ನೋಡಿದ. ಒಳಗಿದ್ದ ಅವನ ಹೆಂಡತಿ ಇನ್ಶಿರಾಹ್, ಊರಿನ ಬಾಯಲ್ಲಿ ಬದ್ರಿಯಾಳ ತಾಯಿ ಉಮ್ಮ್ ಬದ್ರಿಯಾ, ಮೂರು ವರ್ಷದಿಂದ ಯಂತ್ರದ ಋಣದಲ್ಲಿ ಬದುಕಿದ್ದಳು. ಶನಿವಾರ, ಸೋಮವಾರ, ಬುಧವಾರ ನಸುಕಿಗೇ ಎದ್ದು ಮೈಕ್ರೋಬಸ್ಸು ಹತ್ತಬೇಕು. ಪಟ್ಟಣಕ್ಕೆ ಒಂದೂವರೆ ಗಂಟೆ. ಅಲ್ಲಿ ನಾಲ್ಕು ಗಂಟೆ ಸೂಜಿಗೆ ಕೈ ಕೊಟ್ಟು ಮಲಗಬೇಕು. ಮತ್ತೆ ಒಂದೂವರೆ ಗಂಟೆ ಕುಲುಕುತ್ತ ಬರಬೇಕು. ದಿನಕ್ಕೆ ಇಷ್ಟೇ ಗುಟುಕು ನೀರು. ಖರ್ಜೂರ ಮುಟ್ಟುವಂತಿಲ್ಲ. "ನನ್ನ ಗಂಡ ಕುಂಚ ಹಿಡಿದ, ನಾನು ಸೂಜಿ ಹಿಡಿದೆ, ಮನೆ ನಡೀತಿದೆ" ಎಂದು ಬಂದವರೆದುರು ನಗುತ್ತಿದ್ದಳು.

"ಬುಧವಾರ ಇನ್ಯಾಕೆ ಅಷ್ಟು ದೂರ ಹೋಗ್ತೀರಿ?" ಎಂದ ಬಸ್ಯೂನಿ. "ಗುರುವಾರ ಮನೆ ಪಕ್ಕದಲ್ಲೇ. ನಡ್ಕೊಂಡು ಬನ್ನಿ. ಬರಿ ಉಸ್ತಾ, 'ಇಂದಿನಿಂದ ಆರಂಭ' ಅಂತ ದಪ್ಪಕ್ಕೆ ಬರಿ."

ಅಂದು ಮೆತ್ವಲ್ಲಿ ಹನ್ನೊಂದು ಬಾಗಿಲು ತಟ್ಟಿದ. ಹನ್ನೊಂದು ಮನೆಯ ಹಿರಿಯರೂ ಹೂಂ ಅಂದರು. ಎಮ್ಮೆ ವ್ಯಾಪಾರಿ ವಹ್ದಾನ್ ಅವನನ್ನು ತಬ್ಬಿಕೊಂಡೇ ಅಂದ. ಸಂಜೆ ಅಂಗಳದಲ್ಲಿ ಬಟ್ಟೆ ಹಾಸಿ, ನೀಲಿ ಪುಡಿ ಹಚ್ಚಿದ ದಾರ ಮಿಡಿದು ಗೆರೆ ಎಳೆದು, ಮೊದಲು ತನ್ನ ಮನೆತನದ ಹೆಸರನ್ನೇ ಬರೆದ. ಇನ್ಶಿರಾಹ್ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

"ಯಂತ್ರ ಓಡೋದನ್ನ ಕಣ್ಣಾರೆ ನೋಡಿದ್ಯಾ?"

"ಗುರುವಾರ ನೋಡೋದೇ ಅಲ್ವಾ?"

"ಹನ್ನೊಂದು ಬಾಗಿಲು ತಟ್ಟಿದೆ. ಹನ್ನೆರಡನೇದು?"

"ಅದು ನಮ್ಮದೇ ಅಲ್ವೇನೇ!"

"ಅದಕ್ಕೇ ಕೇಳ್ದೆ" ಎಂದು ಅವಳು ಎದ್ದು ಒಳಗೆ ಹೋದಳು. ಅವನು ಕುಂಚ ಅದ್ದಿಕೊಂಡ. ಸಂತೋಷದಲ್ಲಿ ಅವನ ಕಿವಿ ಮಂದವಾಗಿತ್ತು.

ಬುಧವಾರ ಅವರು ಮೈಕ್ರೋಬಸ್ಸು ಹತ್ತಲಿಲ್ಲ.

ಗುರುವಾರ ಬೆಳಗ್ಗೆ ಅವಳ ಪಾದಗಳು ಊದಿ ಚಪ್ಪಲಿಯೊಳಗೆ ಹೋಗಲಿಲ್ಲ. ಗಂಡನ ದೊಡ್ಡ ಚಪ್ಪಲಿ ಹಾಕಿಕೊಂಡು, ಹೊದಿಕೆ, ತಲೆದಿಂಬು, ಬೇಯಿಸಿದ ಮೊಟ್ಟೆ ಇದ್ದ ಚೀಲ ಹಿಡಿದು ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಹುಡುಕುತ್ತಿದ್ದಳು. ಹಳೆಯ ಸಹಕಾರಿ ಸಂಘದ ಕಟ್ಟಡಕ್ಕೆ ಹೊಸ ಸುಣ್ಣ. ಬಾಗಿಲ ಮೇಲೆ ಮೆತ್ವಲ್ಲಿಯ ಬ್ಯಾನರು. ಒಳಗೆ ಐದು ಯಂತ್ರಗಳು ಮದುವಣಗಿತ್ತಿಯರಂತೆ ಸಾಲಾಗಿ ನಿಂತಿದ್ದವು.

ಶಾಕಿರ್ ದೂಮಾ ಟೇಪು ಕತ್ತರಿಸಿದ. ಇನ್ಶಿರಾಹಳನ್ನು ಮೊದಲ ಕುರ್ಚಿಯಲ್ಲಿ ಕೂರಿಸಿದರು. ಒಬ್ಬ ಹುಡುಗಿ ಅವಳ ತೋಳಿಗೆ ನಳಿಕೆ ಇಟ್ಟು ಮೇಲೆ ಅಂಟುಪಟ್ಟಿ ಹಾಕಿದಳು. ಸೂಜಿ ಇರಲಿಲ್ಲ. ಶಾಸಕ ಅವಳ ತಲೆಯ ಮೇಲೆ ಕೈಯಿಟ್ಟ. ಫೋಟೋಗಳಾದವು. ಹುಡುಗಿ ಅಂಟುಪಟ್ಟಿ ಕಿತ್ತಳು.

"ಏಳಮ್ಮ, ಉಮ್ಮ್ ಬದ್ರಿಯಾ. ಫೋಟೋ ಆಯ್ತು" ಎಂದ ಬಸ್ಯೂನಿ.

"ಫೋಟೋ ಆಯ್ತು. ರಕ್ತ?"

"ನೀರು ಶುದ್ಧ ಮಾಡೋ ಯಂತ್ರ ಇನ್ನೂ ಬರಬೇಕು. ಎರಡೇ ತಿಂಗಳು, ದೇವರಿಚ್ಛೆ ಇದ್ರೆ."

"ದೇವರನ್ನ ಇದರೊಳಗೆ ಎಳೀಬೇಡ. ಹಿಂದಿನ ಬಾಗಿಲಿಗೆ ಲಾರಿ ಯಾಕೆ ಹಚ್ಚಿದೀರಿ?"

ಬಸ್ಯೂನಿ ಬಾಯಿ ತೆರೆಯುವ ಮೊದಲೇ ಲಾರಿಯವನು ಪಾಪ, ತಿಳಿಯದೆ ಅಂದುಬಿಟ್ಟ: "ಶನಿವಾರ ಮಿತ್ ಸನೂಸಿ ಊರಲ್ಲಿ ಇವುಗಳದ್ದೇ ಉದ್ಘಾಟನೆ, ತಾಯಿ. ಸಂಜೆಯೊಳಗೆ ತುಂಬ್ಕೊಂಡು ಹೊರಡ್ಬೇಕು."

ಶಾಸಕ ಮುಂದೆ ಬಾಗಿ, ಜೇನು ಸವರಿದ ದನಿಯಲ್ಲಿ, "ಅಕ್ಕಾ, ನಾನು ನಿಮ್ಮ ಸೇವಕ" ಎಂದ.

"ಸೇವಕ ಆದ್ರೆ ಸೂಜಿ ಹಾಕು" ಎಂದು ಇನ್ಶಿರಾಹ್ ತೋಳು ಚಾಚಿದಳು. "ನಾನು ಏಳಲ್ಲ. ಕುರ್ಚಿ ಜೊತೆ ನನ್ನನ್ನೂ ಲಾರಿಗೆ ಹಾಕು."

ಮೆತ್ವಲ್ಲಿ ಹೊರಗೆ ಬಂದ. ಶಾಸಕನ ಮೇಲೆ, ಬಸ್ಯೂನಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ; ಆದರೆ ಅದಕ್ಕಿಂತ ದೊಡ್ಡದು ತನ್ನ ಮೇಲೇ ಬಂದದ್ದು. ಮೂರು ದಿನದ ವಿಷ ಅವಳ ಮೈಯಲ್ಲಿ ನಿಂತಿದೆ. ಅದನ್ನು ನಿಲ್ಲಿಸಿದ ಮಾತು ಬಾಗಿಲ ಮೇಲಿದೆ, ಅವನದೇ ಅಕ್ಷರದಲ್ಲಿ, ದಪ್ಪಕ್ಕೆ. ಅವನು ಏಣಿ ಹತ್ತಿ ಹಗ್ಗ ಕಡಿದ. ಬಟ್ಟೆಯನ್ನು ಎಳೆಯುತ್ತ ಒಳಗೆ ತಂದು, ಬಾಗಿಲಿಂದ ಅವಳ ಕುರ್ಚಿಯವರೆಗೆ ನೆಲಕ್ಕೆ ಹಾಸಿದ. ಸುಣ್ಣ ಬಳಿದವರು ಕಿಟಕಿಗೆ ಹಚ್ಚಿ ಉಳಿಸಿದ್ದ ಬಿಳಿ ಬಣ್ಣದ ಡಬ್ಬಿ, ಅದರಲ್ಲೇ ಅದ್ದಿಟ್ಟ ಕುಂಚದೊಂದಿಗೆ, ಮೂಲೆಯಲ್ಲಿತ್ತು. ಅದನ್ನೆತ್ತಿಕೊಂಡು ಅವಳ ಮುಂದೆ ಮಂಡಿಯೂರಿದ.

"ಉಮ್ಮ್ ಬದ್ರಿಯಾ" ಎಂದ, ಪರರ ಮನೆಯ ಬಾಗಿಲಲ್ಲಿ ನಿಂತು ಕೇಳುವ ಅದೇ ಮರ್ಯಾದೆಯ ದನಿಯಲ್ಲಿ. "ನಮ್ಮ ಮನೆಗೆ ಹಿರಿಯಳು ನೀನು. ಭಾನುವಾರ ಕೇಳ್ಬೇಕಿತ್ತು, ಕೇಳಲಿಲ್ಲ. ಈಗ ಕೇಳ್ತಿದೀನಿ. ನಮ್ಮ ಹೆಸರು ಇರಲೋ, ಬೇಡ್ವೋ?"

"ಅಳಿಸು."

ಅವನು ಅಳಿಸಿದ. ಮಂಡಿಯ ಮೇಲೇ ತೆವಳಿ ಎರಡನೇ ಹೆಸರಿಗೆ ಬಂದು ತಲೆಯೆತ್ತಿದ. "ವಹ್ದಾನ್ ಹಾಜಿ?"

"ಅಳಿಸಯ್ಯ! ಎಮ್ಮೆ ಮಾರುವಾಗ್ಲೂ ನಾನು ಇಂಥಾ ಸುಳ್ಳು ಹೇಳಿಲ್ಲ."

ಮೂರನೆಯದು, ನಾಲ್ಕನೆಯದು. ಒಂದೊಂದು ಹೆಸರಿಗೂ ಅವನು ನಿಂತು ಕೇಳಿದ. ಒಂದೊಂದು ಬಾಯಿಯೂ ತೆರೆಯಿತು. ಫೋನುಗಳೆಲ್ಲ ಶಾಸಕನನ್ನು ಬಿಟ್ಟು ನೆಲದ ಕಡೆ ತಿರುಗಿದ್ದವು. ಹನ್ನೆರಡನೆಯವನು ಟುಕ್‌ಟುಕ್ ನಿಲ್ದಾಣದ ಶಲಬಿ.

"ನನ್ನ ಮಗನ ಕೆಲಸ ಇವರ ಕೈಲಿದೆ, ಮೆತ್ವಲ್ಲಿ" ಎಂದ ಅವನು, ಯಾರ ಮುಖವನ್ನೂ ನೋಡದೆ. "ಇರಲಿ ಬಿಡು."

ಜನ ಛೀ ಎಂದರು. ಮೆತ್ವಲ್ಲಿ ಕುಂಚ ಹಿಂದಕ್ಕೆ ತೆಗೆದ. "ಹಿರಿಯ ಇರಲಿ ಅಂದಿದಾನೆ. ಇರುತ್ತೆ."

ಇನ್ಶಿರಾಹಳ ತುಟಿ ನೀಲಿಗಟ್ಟುತ್ತಿತ್ತು. ಶಾಸಕ ಅದನ್ನು ನೋಡಿದ, ಫೋನುಗಳನ್ನೂ ನೋಡಿದ. "ಇವಳನ್ನ ನನ್ನ ಕಾರಲ್ಲಿ ಪಟ್ಟಣಕ್ಕೆ ಕಳಿಸು" ಎಂದು ಬಸ್ಯೂನಿಗೆ ಹಲ್ಲು ಕಚ್ಚಿ ಹೇಳಿದ.

ಎತ್ತಿ ಕಾರಲ್ಲಿ ಕೂರಿಸುವಾಗ ಅವಳು ಕಿಟಕಿಯಿಂದ ಶಾಸಕನನ್ನು ಕೇಳಿದಳು: "ಇದಕ್ಕೂ ಒಂದು ಬ್ಯಾನರ್ ಬೇಕಾ, ಬಾಷಾ?"

ಪಟ್ಟಣದ ದಾದಿ ಬಾಯಿಗೆ ಬಂದಂತೆ ಬೈಯುತ್ತಲೇ ಸೂಜಿ ಹಾಕಿದಳು. ನಾಲ್ಕು ಗಂಟೆ ಮೆತ್ವಲ್ಲಿ ಅವಳ ಪಾದ ಹಿಡಿದು ಕೂತಿದ್ದ. ಅವಳು ಅವನೊಡನೆ ಒಂದು ಮಾತನ್ನೂ ಆಡಲಿಲ್ಲ. ಮರಳಿ ಬಂದಾಗ ಘಟಕದಲ್ಲಿ ಸುಣ್ಣದ ವಾಸನೆ ಮಾತ್ರ ಉಳಿದಿತ್ತು.

ಶುಕ್ರವಾರ ಅವನು ಬ್ಯಾನರನ್ನು ರಸ್ತೆಗೆ ಅಡ್ಡವಾಗಿ ಮತ್ತೆ ಕಟ್ಟಿದ: ಮೇಲೆ ಶಾಸಕನ ಹೆಸರು, ಕೆಳಗೆ ಹನ್ನೊಂದು ಬಿಳಿ ತೇಪೆ, ಕೊನೆಗೆ ಒಬ್ಬ ಶಲಬಿ.

ಶನಿವಾರ ನಸುಕಿಗೆ ಗಂಡ ಹೆಂಡತಿ ಮೈಕ್ರೋಬಸ್ಸಿಗೆ ಕಾಯುತ್ತ ಅದರಡಿ ನಿಂತರು. ಬಿಳಿಯ ಅಡಿಯಿಂದ ಕೆಂಪು ಮತ್ತೆ ಮೂಡುತ್ತಿತ್ತು.

"ಇನ್ನೊಂದು ಸಲ ಬಳೀಬೇಕು" ಎಂದಳು ಅವಳು. ಎರಡು ದಿನದ ಮೇಲೆ ಅವನೊಡನೆ ಆಡಿದ ಮೊದಲ ಮಾತು.

"ಚೀಲದಲ್ಲಿ ಡಬ್ಬಿ ಇದೆ. ವಾಪಸ್ ಬಂದು ಬಳೀತೀನಿ."

ಬಸ್ಸು ಹೊರಟಿತು. ಮಿತ್ ಸನೂಸಿಯ ಅಡ್ಡರಸ್ತೆಯಲ್ಲಿ, ಎರಡು ಆಳೆತ್ತರಕ್ಕೆ, ಪಟ್ಟಣದಲ್ಲಿ ಮುದ್ರಿಸಿದ ಹೊಸ ಹಲಗೆ ನಿಂತಿತ್ತು. 'ಇಂದಿನಿಂದ ಆರಂಭ.' ಅದರ ನಡುವೆ ಕುರ್ಚಿಯಲ್ಲಿ ಒಬ್ಬ ಹೆಂಗಸು, ತೋಳಿಗೆ ನಳಿಕೆ, ತಲೆಯ ಮೇಲೆ ಶಾಸಕನ ಕೈ. ಊದಿದ ಆ ಮುಖ ಇನ್ಶಿರಾಹಳದು.

"ನಿಲ್ಸಪ್ಪಾ!" ಎಂದು ಅವಳು ಕೂಗಿದ ರಭಸಕ್ಕೆ ಬಸ್ಸು ರಸ್ತೆಯ ಅಂಚಿಗೆ ವಾಲಿ ನಿಂತಿತು. ಅವಳು ಗಂಡನ ಕಡೆ ತಿರುಗಿದಳು. "ನೀನು ಇಳಿ. ನಾನೊಬ್ಬಳೇ ಹೋಗಿ ಬರ್ತೀನಿ."

ಮೆತ್ವಲ್ಲಿ ಚೀಲ ಹೆಗಲಿಗೇರಿಸಿ ಇಳಿದ. ರಸ್ತೆಯಲ್ಲಿ ನಿಂತು, ಕಿಟಕಿಯೊಳಗಿನ ಮುಖವನ್ನು ನೋಡಿ, ಕೇಳಿಯೇ ಕೇಳಿದ:

"ಅಳಿಸಲಾ?"

"ಅಳಿಸು" ಎಂದಳು ಇನ್ಶಿರಾಹ್. "ಪೂರ್ತಿ. ಎರಡು ಸಲ ಬಳಿ."